ಗೊಂಬೆಗೆ ಇಪ್ಪತ್ತು ಡಿಗ್ರಿ

ನನಗೆ ಒಂದು ಗೊಂಬೆಯ ಮೇಲೆ ಹೊಟ್ಟೆಕಿಚ್ಚಿತ್ತು. ನಗುವವರು ನಗಲಿ. ಓರಗಿತ್ತಿಯ ಮೇಲೆ, ನಾದಿನಿಯ ಮೇಲೆ, ಪಕ್ಕದ ಮನೆಯವಳ ಮೇಲೆ ಹೊಟ್ಟೆಕಿಚ್ಚುಪಟ್ಟವರನ್ನು ನೋಡಿದ್ದೇನೆ. ನಾನು ಪಟ್ಟಿದ್ದು ರಬ್ಬರಿನ ಗೊಂಬೆಯ ಮೇಲೆ. ಅದು ಮಲಗಿದಲ್ಲೇ ಮಲಗಿರುತ್ತಿತ್ತು. ಅಳುತ್ತಿರಲಿಲ್ಲ, ಬೆವರುತ್ತಿರಲಿಲ್ಲ, ಹಾಲು ಕೇಳುತ್ತಿರಲಿಲ್ಲ. ಆದರೂ ಅದಕ್ಕೊಂದು ಇಡೀ ಕೋಣೆ ಇತ್ತು. ಆ ಕೋಣೆಯಲ್ಲಿ ಹೊರಗೆ ಕೆಂಡ ಸುರಿದರೂ ಇಪ್ಪತ್ತು ಡಿಗ್ರಿ.

ನಮ್ಮದು ಹೊಲಿಗೆ ಕಾರ್ಖಾನೆ. ಎಳೆಮಕ್ಕಳು ಮಲಗುವ ಚೀಲ ಹೊಲಿಯುತ್ತಿದ್ದೆವು. ಮೇಲೆ ತೋಳಿಲ್ಲದ ಅಂಗಿ, ಕೆಳಗೆ ಚೀಲ. ಮಗುವನ್ನು ಅದರೊಳಗೆ ಇಳಿಸಿ ಜಿಪ್ ಎಳೆದರೆ ಮುಗಿಯಿತು, ಹೊದಿಕೆ ಒದೆಯುವ ಗೋಳಿಲ್ಲ, ಅದು ಮೂಗಿನ ಮೇಲೆ ಬೀಳುವ ಭಯವಿಲ್ಲ. ಸೆಕೆಗೆ ತೆಳ್ಳನೆಯದು, ಚಳಿಗೆ ದಪ್ಪನೆಯದು. ಯಾವ ಚೀಲ ಎಷ್ಟು ಡಿಗ್ರಿಯ ಕೋಣೆಗೆ ಸರಿ ಎಂದು ಅದರ ಕತ್ತಿನ ಪಟ್ಟಿಯಲ್ಲಿ ಬರೆದಿರಬೇಕು. ಅದನ್ನು ಕಂಡುಹಿಡಿಯುವುದಕ್ಕೇ ಆ ಗೊಂಬೆ. ಅದರ ಮೈಯೊಳಗೆಲ್ಲ ತಂತಿ. ಕರೆಂಟು ಕೊಟ್ಟರೆ ನಿಜವಾದ ಕೂಸಿನಷ್ಟೇ ಬೆಚ್ಚಗಾಗುತ್ತದೆ. ಚೀಲ ತೊಡಿಸಿ ಮಲಗಿಸಿ, ಆ ಬಿಸಿ ಕಾಪಾಡಿಕೊಳ್ಳಲು ಅದು ಎಷ್ಟು ಕರೆಂಟು ತಿಂದಿತು ಎಂದು ಎಂಟು ಗಂಟೆ ಅಳೆಯುತ್ತಾರೆ.

ಆರು ವರ್ಷ ನಾನು ಮೂರನೇ ಸಾಲಿನಲ್ಲಿ ಕೂತು ಚೀಲದ ಹೆಗಲು ಹೊಲಿದವಳು. ಒಂದು ದಿನ, ಗೊಂಬೆಯ ಕೋಣೆ ನೋಡಿಕೊಳ್ಳುವ ಲ್ಯಾಬ್ ಮೇಡಂ ನಮ್ಮ ಸಾಲಿಗೆ ಬಂದರು. ಎಲ್ಲರಿಗೂ ಅಂಗೈ ಚಾಚಲು ಹೇಳಿ, ಒಬ್ಬೊಬ್ಬರ ಅಂಗೈಗೂ ತೆಳುವಾದ ಬಿಳಿ ಕಾಗದ ಒತ್ತಿ ತೆಗೆದರು. ಎಲ್ಲರ ಕಾಗದವೂ ಒದ್ದೆ. ನನ್ನದೊಂದು ಒಣಗಿತ್ತು.

“ಇವಳನ್ನ ನನಗೆ ಕೊಡಿ” ಎಂದರು, ಮೇನೇಜರ ಕಡೆ ತಿರುಗಿ. ನನ್ನನ್ನು ಯಾರೂ ಕೇಳಲಿಲ್ಲ.

ಹೀಗೆ ನಾನು ಗೊಂಬೆಗೆ ಬಟ್ಟೆ ತೊಡಿಸುವವಳಾದೆ. ಆ ಕೋಣೆಗೆ ಎರಡು ಬಾಗಿಲು, ನಡುವೆ ಒಂದು ಮುಂಗೋಣೆ. ಮುಂಗೋಣೆಯ ಮೇಜಿನ ಮೇಲೆ ಒಂದು ಸ್ಟೀಲಿನ ಹಲಗೆ, ಸದಾ ಕೊರೆಯುವಷ್ಟು ತಣ್ಣಗೆ. ಗೊಂಬೆಯನ್ನು ಮುಟ್ಟುವ ಮೊದಲು ಅದರ ಮೇಲೆ ಎರಡೂ ಕೈ ಊರಿ ನೂರು ಎಣಿಸಬೇಕು.

“ನಿನ್ನ ಕೈ ಬಿಸಿ ಅದಕ್ಕೆ ತಾಗಬಾರದು. ಅಳತೆ ಕೆಡುತ್ತೆ” ಎಂದರು ಮೇಡಂ ಮೊದಲ ದಿನವೇ. “ಒಳಗೆ ಜಾಸ್ತಿ ನಿಲ್ಲಬೇಡ. ಮನುಷ್ಯರ ಮೈ ಅಂದ್ರೆ ಒಂದು ಬಲ್ಬ್ ಉರಿಸಿಟ್ಟ ಹಾಗೆ. ತೊಡಿಸು, ಬಂದುಬಿಡು.”

ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಏನೇನೋ ಅಂದಿದ್ದಾರೆ. ಮೈಯಲ್ಲಿರುವ ಬಿಸಿಯೇ ತಪ್ಪು ಅಂದವರು ಇವರೊಬ್ಬರೇ. ಸರಿ ಮೇಡಂ ಎಂದೆ. ಹಲಗೆಯ ಮೇಲೆ ಕೈ ಊರಿದೆ. ಬೆರಳು ಮರಗಟ್ಟಿದವು.

ಸಾಲಿನ ಹೆಂಗಸರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು. ಅವರು ಇಸ್ತ್ರಿಯ ಹಬೆಯಲ್ಲಿ ಬೇಯುತ್ತ ಕೂತಿರುವಾಗ ನಾನು ತಂಪಾದ ಕಡೆ ಓಡಾಡಿಕೊಂಡಿದ್ದೆನಲ್ಲ, ಅದಕ್ಕೆ. ಎಲ್ಲರಿಗಿಂತ ಜಾಸ್ತಿ ಉರಿದವಳು ಜಿಪ್ ಅಕ್ಕ. ಜಿಪ್ ಕೂರಿಸುವವಳು, ನನಗಿಂತ ಹಳಬಳು, ನಾಲಿಗೆ ಮಹಾ ಚುರುಕು. ನನಗೆ ಗೊಂಬೆಯಮ್ಮ ಎಂದು ಹೆಸರಿಟ್ಟವಳೂ ಅವಳೇ.

“ಏನಮ್ಮಾ ಗೊಂಬೆಯಮ್ಮ, ಹಿರಿಮಗಳಿಗೆ ನಿದ್ದೆ ಬಂತಾ? ನೆಗಡಿ ಗಿಗಡಿ ಆದೀತು, ನೋಡ್ಕೊ” ಎನ್ನುತ್ತಿದ್ದಳು, ಕೈತೊಳೆಯುವ ಕಡೆ ಸಿಕ್ಕಾಗಲೆಲ್ಲ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಚುರ್ ಎನ್ನುತ್ತಿತ್ತು, ಯಾಕೆಂದರೆ ನನ್ನ ನಿಜವಾದ ಮಗಳು ಮೇಲೆ ತಗಡಿನ ಕೆಳಗಿದ್ದಳು.

ಅವಳಿಗೆ ಹತ್ತು ತಿಂಗಳು. ಅತ್ತರೆ ಪೀಪಿ ಊದಿದ ಹಾಗೆ, ಅದಕ್ಕೇ ಪೀಪಿ ಎಂದು ಕರೆಯುತ್ತಿದ್ದೆವು. ಮನೆಯಲ್ಲಿ ಬಿಟ್ಟು ಬರೋಣವೆಂದರೆ ಮನೆಯಲ್ಲಿ ಯಾರಿದ್ದಾರೆ. ಗಂಡ ಲಾರಿ ಹತ್ತಿದರೆ ಇಳಿಯುವುದು ಎರಡು ವಾರಕ್ಕೆ. ಕಾರ್ಖಾನೆಯಲ್ಲಿ ಮಕ್ಕಳ ಕೋಣೆ ಇರಬೇಕೆಂದು ಕಾನೂನಿದೆಯಂತೆ, ಅದಕ್ಕಾಗಿ ತಾರಸಿಯ ಮೇಲೆ ಮೂರು ಗೋಡೆ ಎಬ್ಬಿಸಿ ತಗಡು ಹೊದಿಸಿದ್ದರು. ನಾಲ್ಕನೆಯ ಗೋಡೆ ಇಸ್ತ್ರಿ ವಿಭಾಗದ್ದು. ಹಬೆಯ ಕೊಳವೆ ಆ ಗೋಡೆಯ ಮೈಗೆ ಅಂಟಿಕೊಂಡೇ ಹೋಗುತ್ತಿತ್ತು. ಮಧ್ಯಾಹ್ನ ಆ ಗೋಡೆಗೆ ಬೆನ್ನು ಕೊಟ್ಟು ಕೂರಲು ಆಗುತ್ತಿರಲಿಲ್ಲ. ಒಟ್ಟು ಹನ್ನೊಂದು ಮಕ್ಕಳು, ಒಂದು ಫ್ಯಾನು, ಒಬ್ಬಳು ಆಯಾ ಅಜ್ಜಿ. ಫ್ಯಾನು ತಗಡಿನ ಕಾವನ್ನು ಎಳೆದು ಮಕ್ಕಳ ಮೇಲೆ ಹಾಕುತ್ತಿತ್ತು. ಅಜ್ಜಿ ಪಾಪ, ಒಂದು ಟವೆಲ್ಲು ಒದ್ದೆ ಮಾಡಿ ಹನ್ನೊಂದು ಹಣೆಗೂ ಸರದಿಯಂತೆ ಒತ್ತುತ್ತಿದ್ದಳು. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಟವೆಲ್ಲು ಒಣಗಿರುತ್ತಿತ್ತು.

ಪ್ರತಿ ಚೀಲದ ಜೊತೆ ಒಂದು ಕಾಗದ ಇಡುತ್ತಿದ್ದೆವು. ಐದು ಭಾಷೆಗಳಲ್ಲಿ ಅಚ್ಚಾಗಿತ್ತು, ನಮ್ಮದೂ ಇತ್ತು. ಒಂದು ದಿನ ಊಟದ ಬಿಡುವಿನಲ್ಲಿ ನಾನು ಗಟ್ಟಿಯಾಗಿ ಓದಿದೆ. ಮಗು ಮಲಗುವ ಕೋಣೆ ಹದಿನಾರರಿಂದ ಇಪ್ಪತ್ತು ಡಿಗ್ರಿ ಇರಲಿ. ಮಗುವಿನ ಅಂಗೈ ಅಂಗಾಲು ಮುಟ್ಟಿ ನಿರ್ಧರಿಸಬೇಡಿ, ಅವು ತಣ್ಣಗಿರುವುದು ಸಹಜ. ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ಬಟ್ಟೆ ತೆಗೆಯಿರಿ.

“ನಮ್ಮ ಮಕ್ಕಳ ಮೈಮೇಲೆ ತೆಗೆಯೋಕೆ ಚರ್ಮ ಒಂದೇ ಉಳಿದಿರೋದು” ಎಂದಳು ಜಿಪ್ ಅಕ್ಕ. ಅವಳ ಮಗನೂ ಮೇಲೆಯೇ ಇದ್ದ, ಪೀಪಿಗಿಂತ ಎರಡು ತಿಂಗಳಿಗೆ ದೊಡ್ಡವನು.

ಕಾಗದದ ಜೊತೆಗೆ ಒಂದು ರಟ್ಟಿನ ಚೀಟಿಯೂ ಇರುತ್ತಿತ್ತು, ಗೋಡೆಗೆ ಅಂಟಿಸಲು. ಕೋಣೆ ತಣ್ಣಗಿದ್ದರೆ ಅದರಲ್ಲಿ ನೀಲಿ ಮುಖ ಮೂಡುತ್ತದೆ, ಹದವಾಗಿದ್ದರೆ ನಗುವ ಹಳದಿ ಮುಖ, ಸೆಕೆಯಿದ್ದರೆ ಕೆಂಪು ಮುಖ. ನಾನು ಒಂದನ್ನು ಒಯ್ದು ಮಕ್ಕಳ ಕೋಣೆಯ ಗೋಡೆಗೆ ಅಂಟಿಸಿದೆ. ಅಂಟಿಸುವಷ್ಟರಲ್ಲೇ ಕೆಂಪಾಯಿತು. ಮೇನೇಜರು ಸುತ್ತು ಬಂದಾಗ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು, ಉಗುರಿನಿಂದ ಎಬ್ಬಿಸಿ ಕಿತ್ತು ಜೇಬಿಗೆ ಹಾಕಿಕೊಂಡರು.

“ಇದು ಗಿರಾಕಿಗಳ ಮನೆಗೆ. ಇಲ್ಲಿ ಅಂಟಿಸಿದ್ರೆ ಒಂದು ಡಬ್ಬದಲ್ಲಿ ಕಮ್ಮಿ ಬೀಳಲ್ವೇನಮ್ಮಾ?”

ಅಷ್ಟೇ ಅಂದದ್ದು. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ಕೆಳಗೆ ಬಂದು ಗೊಂಬೆಯನ್ನು ನೋಡುತ್ತ ನಿಂತೆ. ಬೋಳು ತಲೆ, ಮುಚ್ಚಿದ ಕಣ್ಣು, ಎಣ್ಣೆ ಹಚ್ಚಿದ ಹಾಗೆ ನುಣುಪು ಕೆನ್ನೆ. ನನ್ನ ಮಗಳ ಕುತ್ತಿಗೆಯ ಮಡಿಕೆಯಲ್ಲಿ ಬೆವರುಸಾಲೆ ಒಡೆದು ಕೆಂಪಾಗಿತ್ತು. ಇದರ ಕುತ್ತಿಗೆಯಲ್ಲಿ ಒಂದು ಗೆರೆಯಿಲ್ಲ. ನನಗೆ ತಡೆಯಲಾಗಲಿಲ್ಲ. ಚೀಲದ ಜಿಪ್ ಎಳೆದು, ಒಳಗೆ ಕೈ ಹಾಕಿ, ಅದರ ಎಡತೊಡೆಯನ್ನು ಬಲವಾಗಿ ಚಿವುಟಿದೆ. ಹಿಡಿದೇ ಇದ್ದೆ.

ಗೋಡೆಯ ಸ್ಪೀಕರಿನಲ್ಲಿ, ತಮ್ಮ ಕೋಣೆಯ ಕಂಪ್ಯೂಟರ್ ಪರದೆ ನೋಡುತ್ತಿದ್ದ ಮೇಡಂ ದನಿ ಬಂತು. “ಎಡತೊಡೆ ಹತ್ರ ಏನು ಮಾಡ್ತಿದೀಯ? ಕಾಲು ಡಿಗ್ರಿ ಏರಿದೆ ಅಲ್ಲಿ.”

ಬಿಟ್ಟೆ. ಜಿಪ್ ಎಳೆದೆ. ಹೊರಗೆ ಬಂದು ಬಾಗಿಲಿಗೆ ಒರಗಿ ಅತ್ತೆ. ಇದಕ್ಕೆ ಕಾಲು ಡಿಗ್ರಿ ಏರಿದರೆ ಕೇಳುವವರಿದ್ದಾರೆ. ನನ್ನ ಮಗಳು ಮೇಲೆ ಇಡೀ ಮೈ ಕುದಿಯುತ್ತಿದ್ದರೂ ಯಾರ ಪರದೆಯ ಮೇಲೂ ಬರುವುದಿಲ್ಲ. ಇದರ ಹಾಸಿಗೆಯಲ್ಲಿ ಪೀಪಿ ಒಂದೇ ಒಂದು ಮಧ್ಯಾಹ್ನ ಮಲಗಿದ್ದರೆ ಎಂದುಕೊಂಡೆ. ಬೇರೆ ಹತ್ತು ಮಕ್ಕಳ ನೆನಪು ನನಗೆ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ.

ಮಗಳಿಗೆ ಹಾಲು ಕೊಡಲು ನನಗೆ ಮಧ್ಯಾಹ್ನ ಒಂದು ಗಂಟೆಗೆ ಹದಿನೈದು ನಿಮಿಷ ಬಿಡುವು. ಜಿಪ್ ಅಕ್ಕನ ಸರದಿ ಎರಡೂವರೆಗೆ. ನಾನು ಗೊಂಬೆಯ ಚೀಲ ಜರುಗಿದೆಯೇ ಎಂದು ಮುಟ್ಟಿ ಸರಿಪಡಿಸಿ, ನೇರವಾಗಿ ಮೇಲೆ ಓಡುತ್ತಿದ್ದೆ. ಕೈ ಇನ್ನೂ ಮಂಜುಗಡ್ಡೆಯಂತೆ ಇರುತ್ತಿತ್ತು. ಪೀಪಿಯ ಕುತ್ತಿಗೆ ಮುಟ್ಟಿದರೆ ಸುಡುತ್ತಿತ್ತು. ಮೊದಲ ದಿನ ಹೆದರಿ ಕೂಗಿಕೊಂಡಿದ್ದೆ. ಆಯಾ ಅಜ್ಜಿ ನನ್ನ ಕೈ ಹಿಡಿದು ನೋಡಿ ನಕ್ಕಿದ್ದಳು.

“ನಿನ್ನ ಕೈ ಹಿಂಗಿದ್ರೆ ಯಾರ ಮೈ ಮುಟ್ಟಿದ್ರೂ ಸುಡುತ್ತೆ ಕಣೇ. ಮಗುಗೇನಾಗಿಲ್ಲ.”

ಅಂದಿನಿಂದ ಅದು ಅಭ್ಯಾಸವಾಯಿತು. ಮುಟ್ಟುವುದು, ಬಿಸಿ ಅನಿಸುವುದು, ನನ್ನ ಕೈಯೇ ತಣ್ಣಗಿದೆ ಎಂದುಕೊಳ್ಳುವುದು. ಎರಡು ತಿಂಗಳು ಹೀಗೇ ನಡೆಯಿತು. ಒಂದು ಕಡೆ ಕೈ ತಣ್ಣಗಾಗಬೇಕು, ಇನ್ನೊಂದು ಕಡೆ ಅದೇ ಕೈಯಲ್ಲಿ ಮಗಳ ಬಿಸಿ ನೋಡಬೇಕು. ಇಂಥ ತಪ್ಪು ಮಾಡಲು ಇಂಥ ಕೆಲಸವೇ ಬೇಕು.

ಆ ದಿನ ಗಾಳಿಯೇ ಇರಲಿಲ್ಲ. ಮೇಲೆ ಹೋದಾಗ ಪೀಪಿ ಮಂಕಾಗಿ ಮಲಗಿದ್ದಳು. ಎತ್ತಿಕೊಂಡರೆ ಕುತ್ತಿಗೆ ನಿಲ್ಲಿಸಲಿಲ್ಲ. ಎದೆಗೆ ಹಿಡಿದರೆ ಎರಡು ಗುಟುಕು ಎಳೆದು ಬಿಟ್ಟಳು.

“ಬೆಳಗ್ಗೆಯಿಂದ ಹಿಂಗೇ. ಅಳಲೂ ಇಲ್ಲ ಇವತ್ತು” ಎಂದಳು ಅಜ್ಜಿ.

ಕುತ್ತಿಗೆಯ ಹಿಂದೆ ಕೈಯಿಟ್ಟೆ. ಸುಟ್ಟಿತು. ದಿನಾ ಸುಡುವುದೇ. ಬೆವರಿದೆಯೇ ಎಂದು ಸವರಿದೆ. ಒಣಗಿತ್ತು. ನನಗೆ ಸಮಾಧಾನವೇ ಆಯಿತು. ಕಾಗದದಲ್ಲಿ ಹಾಗೇ ತಾನೇ ಇದ್ದದ್ದು, ಬೆವರಿದ್ದರೆ ಸೆಕೆ ಅಂತ.

“ನೋಡಜ್ಜಿ, ಕುತ್ತಿಗೆ ಬೆವರೇ ಇಲ್ಲ. ನಿದ್ದೆ ಬಂದಿರಬೇಕು, ಮಲಗಲಿ” ಎಂದು ಮಲಗಿಸಿ ಇಳಿದು ಹೋದೆ. ಓದು ಬರುತ್ತದೆಂಬ ಜಂಬ ನನ್ನದು. ಮೈ ಸುಡುವಾಗ ಬೆವರು ನಿಲ್ಲುವುದೇ ಅಪಾಯದ ಗುರುತೆಂದು ಆ ಕಾಗದದಲ್ಲಿರಲಿಲ್ಲ. ಆ ಮಾತು ಆಡಿದ ಬಾಯಿಗೆ ನಾನೇ ಎಷ್ಟು ಸಲ ಹೊಡೆದುಕೊಂಡಿದ್ದೇನೋ.

ಎರಡೂವರೆ ದಾಟಿತ್ತು. ಮುಂಗೋಣೆಯಲ್ಲಿ ಕೂತು ಪುಸ್ತಕದಲ್ಲಿ ಗೊಂಬೆಯ ಡಿಗ್ರಿ ಬರೆಯುತ್ತಿದ್ದೆ. ಹೊರಬಾಗಿಲು ಧಡಾರನೆ ತೆರೆಯಿತು. ಜಿಪ್ ಅಕ್ಕ. ಅವಳ ತೋಳಿನಲ್ಲಿದ್ದದ್ದು ಅವಳ ಮಗನಲ್ಲ, ಪೀಪಿ. ತಲೆ ಹಿಂದಕ್ಕೆ ಜೋತುಬಿದ್ದಿತ್ತು.

“ಮುಟ್ಟಿ ನೋಡಿದೆ ಕಣೇ. ನನ್ನ ಕೈಗೇ ಸುಡ್ತಾ ಇದೆ. ನನ್ನ ಕೈಗೆ.”

ಅವಳ ಕೈ ದಿನವಿಡೀ ಕಾದ ಮಿಷನ್ನಿಗೆ ಅಂಟಿಕೊಂಡಿರುವ ಕೈ. ಆ ಕೈಗೂ ಸುಟ್ಟಿತೆಂದರೆ ಏನೆಂದು ನನಗೆ ಆಗ ಹೊಳೆಯಿತು. ಮಗಳನ್ನು ಕಿತ್ತುಕೊಂಡೆ. ಎರಡನೆಯ ಬಾಗಿಲು ತಳ್ಳಿ ಒಳಗೆ ಹೋದೆ. ಗೊಂಬೆಯನ್ನು ತೊಡೆ ಹಿಡಿದು ಎಳೆದೆ. ತಂತಿಗಳು ಕಿತ್ತುಬಂದವು. ಅದನ್ನು ಮೂಲೆಗೆ ತಳ್ಳಿ, ಅದರ ಜಾಗದಲ್ಲಿ ಪೀಪಿಯನ್ನು ಮಲಗಿಸಿ ಮೈಮೇಲಿದ್ದ ಬಟ್ಟೆ ತೆಗೆದೆ. ಅಳತೆಯ ಯಂತ್ರದ ಗಂಟೆ ಬಡಿದುಕೊಳ್ಳತೊಡಗಿತು. ಜಿಪ್ ಅಕ್ಕ ಎಲ್ಲಿಂದಲೋ ನೀರು ತಂದಳು, ಟವೆಲ್ಲು ತಂದಳು. ನಾನು ಮಗಳ ಕಂಕುಳು, ತೊಡೆಸಂದು, ನೆತ್ತಿ ಒರೆಸುತ್ತ ಹೋದೆ.

ಮೇಡಂ ಓಡಿ ಬಂದರು. “ಏನಿದು? ಆರು ಗಂಟೆ ಟೆಸ್ಟು ಮುಗಿದಿತ್ತು, ಎಲ್ಲಾ ಹಾಳು ಮಾಡಿದೆಯಲ್ಲ. ಎತ್ತು ಮೊದಲು ಆ ಮಗೂನ. ಎತ್ತು ಅಂದೆ.”

“ಎತ್ತಲ್ಲ.”

ಆ ಕಾರ್ಖಾನೆಯಲ್ಲಿ ಆರು ವರ್ಷದಲ್ಲಿ ನಾನು ಆಡಿದ ಮೊದಲ ಇಲ್ಲ ಅದು. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮೇಡಂ ಹತ್ತಿರ ಬಂದು ಪೀಪಿಯ ಎದೆ ಮುಟ್ಟಿದರು. ಹೊರಗೆ ಹೋಗಿ ಕಾರ್ಖಾನೆಯ ನರ್ಸನ್ನು ಕರೆದರು. ಅಷ್ಟು ಮಾಡಿದರು, ಇಲ್ಲ ಎನ್ನುವುದಿಲ್ಲ.

ನರ್ಸು ಬಂದು ನನ್ನ ಜೊತೆ ಒರೆಸಿದಳು, ಹನಿ ಹನಿ ನೀರು ಕುಡಿಸಿದಳು, ವ್ಯಾನು ತರಿಸಿದಳು. ವ್ಯಾನಿನಲ್ಲಿ ಪೀಪಿ ಅತ್ತಳು. ಅಷ್ಟು ಹೊತ್ತಿನಲ್ಲಿ ಅದೇ ಮೊದಲ ಅಳು. ಇನ್ನೊಂದು ಅರ್ಧ ಗಂಟೆ ತಡವಾಗಿದ್ದರೆ ಎಂದು ಆಸ್ಪತ್ರೆಯ ಡಾಕ್ಟರು ಮಾತು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಮೂರು ದಿನ ಬಿಟ್ಟು ಕೆಲಸಕ್ಕೆ ಹೋದೆ. ಓಡಿಸುತ್ತಾರೆ ಎಂದುಕೊಂಡೇ ಹೋದದ್ದು. ಮೇನೇಜರು ಕೂರಲು ಕುರ್ಚಿ ಕೊಟ್ಟರು. ಆಗಲೇ ನನಗೆ ಅನುಮಾನ ಬಂತು.

“ಮಗು ಹೇಗಿದೆಯಮ್ಮಾ? ನೋಡು, ನಮಗೂ ಮಕ್ಕಳಿದ್ದಾರೆ. ಇನ್ಮೇಲೆ ನಿನ್ನ ಮಗಳನ್ನ ಮುಂಗೋಣೆಲೇ ಮಲಗಿಸ್ಕೊ. ತಂಪಾಗಿರುತ್ತೆ. ಯಾರಿಗೂ ಹೇಳೋದು ಬೇಡ, ಕಂಪ್ಲೇಂಟು ಗಿಂಪ್ಲೇಂಟು ಬರೆಯೋದೂ ಬೇಡ. ನಿನಗೊಬ್ಬಳಿಗೆ.”

ನಾನು ಆಗಲಿ ಸಾರ್ ಎಂದೆ. ಥೂ ಎಂದು ಮುಖಕ್ಕೆ ಉಗಿದು ಬಂದೆ ಎಂದು ಹೇಳಿದರೆ ಚೆನ್ನಾಗಿ ಕೇಳಿಸುತ್ತದೆ. ನಾನು ಉಗಿಯಲಿಲ್ಲ. ಕೈ ಮುಗಿದು ಬಂದೆ.

ಪೀಪಿ ಮುಂಗೋಣೆಯಲ್ಲಿ, ನನ್ನ ಮೇಜಿನ ಕೆಳಗೆ, ದೋಷವಿದೆಯೆಂದು ತೆಗೆದಿಟ್ಟ ಚೀಲವೊಂದರಲ್ಲಿ ಮಲಗಿದಳು. ಬಾಯಿ ಅರೆತೆರೆದು, ಕೈ ಎರಡೂ ಮೇಲಕ್ಕೆ ಚಾಚಿ, ಕಾಲು ಚೀಲದೊಳಗೆ ಕಪ್ಪೆಯ ಹಾಗೆ ಮಡಚಿ. ಮಗು ಮಲಗುವುದೆಂದರೆ ಹೀಗೆ ಎಂದು ನಾನು ನೋಡಿದ್ದೇ ಆಗ. ಕುತ್ತಿಗೆಯ ಕೆಂಪು ಎರಡೇ ದಿನಕ್ಕೆ ಇಳಿಯಿತು. ಗೊಂಬೆಯ ಮೇಲಿನ ಹೊಟ್ಟೆಕಿಚ್ಚೂ ಇಳಿಯಿತು. ಈಗ ನನ್ನದೂ ತಂಪಿನಲ್ಲಿದೆಯಲ್ಲ.

ಬಾಗಿಲ ಗಾಜಿನಲ್ಲಿ ಹೆಂಗಸರು ಇಣುಕಿ ಹೋಗುತ್ತಿದ್ದರು. ಗೊಂಬೆಯನ್ನು ನಾನು ನೋಡುತ್ತಿದ್ದ ಕಣ್ಣಿನಲ್ಲಿ ಅವರು ಪೀಪಿಯನ್ನು ನೋಡುತ್ತಿದ್ದರು. ನನಗೆ ಆ ಕಣ್ಣು ಚೆನ್ನಾಗಿ ಗೊತ್ತು. ದೃಷ್ಟಿಯಾದೀತೆಂದು ಗಾಜಿಗೆ ಕಾಗದ ಅಂಟಿಸಿದೆ. ಜಿಪ್ ಅಕ್ಕ ಮಾತು ಬಿಟ್ಟಳು. ಮಗಳನ್ನು ಉಳಿಸಿದವಳು ಅವಳು, ನಾನು ಅವಳಿಗೆ ಒಂದು ಒಳ್ಳೆಯ ಮಾತೂ ಆಡಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವಳೇ ಬಂದಳು. ಬಾಗಿಲ ಹೊರಗೆ ನಿಂತು, “ಒಂದ್ನಿಮಿಷ ಮೇಲೆ ಬಾ” ಎಂದಳು. ನಗು ಇಲ್ಲ, ಚುಚ್ಚುಮಾತು ಇಲ್ಲ.

ಹೋದೆ. ಆ ದಿನ ಹೇಗಿತ್ತೋ ಹಾಗೇ ಇತ್ತು. ಅಲ್ಲ, ಈಗ ಇನ್ನೂ ಜಾಸ್ತಿ ಅನಿಸಿತು, ತಂಪಿನಿಂದ ಬಂದವಳಲ್ಲವೇ. ಅವಳ ಮಗ ಚಾಪೆಯ ಮೇಲೆ ಹೊರಳುತ್ತಿದ್ದ.

“ಇವನ ಕುತ್ತಿಗೆ ಮುಟ್ಟಿ ನೋಡು.”

ಕೈ ಚಾಚಿದೆ. ಅವಳು ಹಿಡಿದು ನಿಲ್ಲಿಸಿದಳು.

“ಹಿಂಗಲ್ಲ. ತಡಿ.”

ನನ್ನ ಎರಡೂ ಕೈಗಳನ್ನು ತನ್ನ ಕೈಗಳ ನಡುವೆ ಇಟ್ಟುಕೊಂಡು ಉಜ್ಜತೊಡಗಿದಳು. ಜಿಪ್ಪಿನ ಹಲ್ಲು ತಾಗಿ ತಾಗಿ ಒರಟಾದ ಕೈ. ನನ್ನ ಬೆರಳಿಗೆ ಜೀವ ಬರುವವರೆಗೆ ಉಜ್ಜಿದಳು. ಹತ್ತಿರ ಯಾರದೋ ಮಗು ಕುಂಯ್‌ಗುಡುತ್ತಿತ್ತು. ಆಮೇಲೆ ನನ್ನ ಕೈಯನ್ನು ತಾನೇ ಒಯ್ದು ಮಗನ ಕುತ್ತಿಗೆಯ ಹಿಂದೆ ಇಟ್ಟಳು.

ನನ್ನ ಬೆಚ್ಚಗಿನ ಕೈಗೂ ಅದು ಬಿಸಿ. ಪಕ್ಕದ ಮಗುವನ್ನು ಮುಟ್ಟಿದೆ. ಅದರ ಪಕ್ಕದ್ದನ್ನು. ಹತ್ತನ್ನೂ ಮುಟ್ಟಿದೆ. ಎರಡು ತಿಂಗಳು ನನ್ನ ಕೈ ನನಗೆ ಸುಳ್ಳು ಹೇಳಿರಲಿಲ್ಲ, ನಾನೇ ಕೈಗೆ ಸುಳ್ಳು ಹೇಳಿಕೊಟ್ಟಿದ್ದೆ.

“ನನಗೆ ನಿನ್ನ ಮೇಲೆ ಹೊಟ್ಟೆ ಉರೀತಿದೆ ಕಣೇ. ನಿಜವಾಗ್ಲೂ. ರಾತ್ರಿ ನಿನ್ನ ಮಗಳಿಗೆ ಏನಾದ್ರೂ ಆಗಲಿ ಅಂತ ಕೂಡ ಅನ್ನಿಸಿಬಿಡ್ತು, ನನ್ನ ನಾಲಿಗೆ ಸೇದಿಹೋಗ” ಎಂದಳು ಜಿಪ್ ಅಕ್ಕ. ಕಣ್ಣಲ್ಲಿ ನೀರಿತ್ತು. “ಹಿಂಗೆ ಅನ್ಕೊಂಡು ಬದುಕೋಕೆ ಆಗಲ್ಲ ನನಗೆ.”

“ನಾಳೆ ಎಲ್ಲರನ್ನೂ ಇಳಿಸೋಣ” ಎಂದೆ. ಯೋಚಿಸಿ ಆಡಿದ ಮಾತಲ್ಲ. ಆಡಿದ ಮೇಲೆ ಹೆದರಿಕೆಯಾಯಿತು. ಪೀಪಿಯ ಜಾಗವೂ ಹೋಗುತ್ತದೆ ಎಂಬ ಹೆದರಿಕೆ.

ಮರುದಿನ ಮಧ್ಯಾಹ್ನ, ಮಕ್ಕಳು ಕಣ್ಣುಜ್ಜುವ ಹೊತ್ತಿಗೆ, ಹತ್ತು ಹೆಂಗಸರು ಮಿಷನ್ನು ನಿಲ್ಲಿಸಿ ಎದ್ದರು. ಆಯಾ ಅಜ್ಜಿ ಎರಡು ಕಂಕುಳಲ್ಲಿ ಎರಡನ್ನು ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಇಳಿದಳು. ನಾನು ಎರಡೂ ಬಾಗಿಲು ತೆರೆದು ಹಿಡಿದೆ. ಮೇಡಂ ಕೂಗಿದರು. ಯಾರೂ ಕೇಳಲಿಲ್ಲ. ಒಳಗೆ ಕಾಲಿಟ್ಟವರೆಲ್ಲ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಇಸ್ತ್ರಿ ವಿಭಾಗದವಳೊಬ್ಬಳು, “ಅಯ್ಯೋ, ಹೀಗಿರುತ್ತಾ” ಎಂದಳು ಮೆಲ್ಲಗೆ.

ಮೇನೇಜರು ಬಂದರು. “ಏನ್ರೀ ಇದು, ಛತ್ರನಾ?”

“ಮಕ್ಕಳು ಮಲಗೋ ಹೊತ್ತು ಸಾರ್.”

“ಮೇಲೆ ಜಾಗ ಇಲ್ವಾ?”

“ಇದೆ. ಬೇಕಾದಷ್ಟಿದೆ. ನೀವು ಹೋಗಿ ಒಂದು ನಿದ್ದೆ ತೆಗೆದು ಬನ್ನಿ” ಎಂದಳು ಜಿಪ್ ಅಕ್ಕ.

ಅವರಿಗೆ ಕೋಪ ಬಂತು, ಆದರೆ ತೋರಿಸಲಿಲ್ಲ. ಬಲು ಘಾಟಿ ಮನುಷ್ಯ. ಕೋಣೆಯನ್ನು ಸುತ್ತ ನೋಡಿದರು. ಅರ್ಧಕ್ಕಿಂತ ಹೆಚ್ಚು ಜಾಗ ಗೊಂಬೆಯ ಮಂಚ, ಅದರ ಕಂಬಿ, ತಂತಿಗಳ ಪೆಟ್ಟಿಗೆ.

“ಆಯ್ತು. ನಾನೇನು ರಾಕ್ಷಸ ಅಲ್ಲ. ಮಂಚದ ಪಕ್ಕ ನಾಲ್ಕು ಮಕ್ಕಳು ಹಿಡಿಸ್ತವೆ. ನಾಲ್ಕು ಇಲ್ಲಿರಲಿ. ಯಾವ ನಾಲ್ಕು ಅಂತ ನೀವೇ ಮಾತಾಡ್ಕೊಳ್ಳಿ, ಹತ್ತು ನಿಮಿಷ ಕೊಡ್ತೀನಿ. ಉಳಿದೋರು ಮಿಷನ್ ಮುಂದೆ ಇರಬೇಕು.”

ಹೇಳಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಒಳಗೆ ಏನು ನಡೆಯುತ್ತದೆಂದು ಅವರಿಗೆ ಗೊತ್ತಿತ್ತು. ಅದೇ ನಡೆಯಿತು.

“ನಂದು ಎಲ್ಲಕ್ಕಿಂತ ಚಿಕ್ಕದು, ಮೂರು ತಿಂಗಳು.”

“ನನ್ನ ಮಗಂಗೆ ಜ್ವರ ಬಂದು ಹೋಗಿದೆ, ನಿಮಗೆಲ್ಲಾ ಗೊತ್ತು.”

“ನಿಂಗೆ ಮನೇಲಿ ಅತ್ತೆ ಇದ್ದಾಳೆ, ನೀನು ಯಾಕೆ ತರ್ತೀಯ ಇಲ್ಲಿಗೆ?”

ಒಬ್ಬೊಬ್ಬಳೂ ತನ್ನ ಕೂಸನ್ನು ಎದೆಗವಚಿಕೊಂಡು ಇನ್ನೊಬ್ಬಳದನ್ನು ಅಳೆಯುತ್ತಿದ್ದಳು. ಜಿಪ್ ಅಕ್ಕ ನನ್ನ ಕಡೆ ತಿರುಗಿದಳು.

“ನಿನ್ನ ಮಗಳು ಮೂರು ದಿನ ಮಲಗಿಯಾಯ್ತು. ಅವಳನ್ನ ತೆಗಿ.”

ನ್ಯಾಯವಾದ ಮಾತು. ಅದಕ್ಕೇ ಮೈ ಉರಿಯಿತು. ಎಲ್ಲ ಮಕ್ಕಳಿಗಿಂತ ನನ್ನ ಮಗಳೇ ಸಾಯುವಂತಾಗಿದ್ದವಳು ಎಂದು ಕಿರುಚಬೇಕೆನಿಸಿತು. ಪೀಪಿ ಮಂಚದ ಕಾಲ ಬಳಿ ಕೂತು ತಂತಿಯೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ತೆಗೆಯಲು ಬಗ್ಗಿದೆ. ಮಂಚವನ್ನು ನೆಲಕ್ಕೆ ಕಚ್ಚಿಸಿದ ನಾಲ್ಕು ತಿರುಪು ಕಂಡವು. ಆ ತಿರುಪುಗಳನ್ನು ವಾರಕ್ಕೊಮ್ಮೆ ಒರೆಸುವವಳು ನಾನು. ಕೈಯಲ್ಲೇ ಬಿಚ್ಚುವಂಥವು.

ಒಂದನ್ನು ಬಿಚ್ಚಿದೆ. ಎರಡನೆಯದನ್ನು ಬಿಚ್ಚುವಾಗ ಜಿಪ್ ಅಕ್ಕ ಜಗಳ ನಿಲ್ಲಿಸಿ ನೋಡಿದಳು. ಮೂರನೆಯದನ್ನೂ ನಾಲ್ಕನೆಯದನ್ನೂ ಅವಳು ಬಿಚ್ಚಿದಳು.

“ಹಿಡೀರೇ” ಎಂದಳು.

ಆರು ಜನ ಹಿಡಿದೆವು. ಮಂಚ, ಕಂಬಿ, ಪೆಟ್ಟಿಗೆ ಒಂದೊಂದಾಗಿ ಹೊರಗೆ ಹೋದವು. ಮೇನೇಜರು ದಾರಿಯಲ್ಲಿ ನಿಂತಿದ್ದರು, ಮಂಚದ ಕಾಲು ಹೊಟ್ಟೆಗೆ ತಾಗೀತೆಂದು ಗೋಡೆಗೆ ಒತ್ತಿಕೊಂಡರು. ಖಾಲಿ ನೆಲದ ಮೇಲೆ ದಪ್ಪ ಚೀಲಗಳನ್ನು ಹಾಸಿದೆವು. ತೆಳ್ಳನೆಯವನ್ನು ಮಕ್ಕಳಿಗೆ ತೊಡಿಸಿದೆವು. ನಾವೇ ಹೊಲಿದ ಚೀಲ. ಹನ್ನೊಂದು ಜಿಪ್ಪನ್ನೂ ಜಿಪ್ ಅಕ್ಕ ಎಳೆದಳು. ಹನ್ನೊಂದು ಮಕ್ಕಳು ಹಿಡಿಸಿದರು, ಇನ್ನೂ ಇಬ್ಬರಿಗೆ ಜಾಗ ಉಳಿಯಿತು.

“ಇದು?” ಎಂದಳು ಇಸ್ತ್ರಿಯವಳು, ಗೊಂಬೆಯನ್ನು ಕಾಲು ಹಿಡಿದು ಎತ್ತಿ.

“ಕೊಡು, ಮಕ್ಕಳ ಕೋಣೆಲಿ ಮಲಗಿಸಿ ಬರ್ತೀನಿ” ಎಂದಳು ಜಿಪ್ ಅಕ್ಕ. ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತ ಮೆಟ್ಟಿಲು ಹತ್ತಿದಳು. ಮಲಗಿಸಿ ಇಳಿದು ಬಂದು ಗೋಡೆಗೆ ಒರಗಿ ಕೂತಳು. ಆಗ ಮೇಡಂಗೆ ಸುದ್ದಿ ಗೊತ್ತಾಯಿತು. ಎದ್ದೆನೋ ಬಿದ್ದೆನೋ ಎಂದು ಮೇಲೆ ಓಡಿದರು. ಆ ಮೆಟ್ಟಿಲನ್ನು ಅವರು ಹತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಇಳಿದು ಬಂದರು. ಗೊಂಬೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದರು. ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು, ಬೆನ್ನಿನ ಬಟ್ಟೆ ಒದ್ದೆ. ನಮ್ಮ ಕಡೆ ನೋಡಲಿಲ್ಲ. ನೇರವಾಗಿ ಮೇನೇಜರ ಹತ್ತಿರ ಹೋದರು.

“ಸಾರ್, ಗೊಂಬೆನ ಅಲ್ಲಿ ಇಡೋಕಾಗಲ್ಲ. ಆ ಬಿಸಿಗೆ ಹಾಳಾಗುತ್ತೆ.”

ಮೇನೇಜರು ಮೇಡಂ ಮುಖ ನೋಡಿದರು. ಮೇಡಂ ನೆಲ ನೋಡಿದರು, ನೆಲದ ಮೇಲೆ ಮಕ್ಕಳಿದ್ದರು, ಅಲ್ಲಿಂದಲೂ ಕಣ್ಣು ತೆಗೆದರು.

“ಹೌದಮ್ಮಾ, ನಾನೂ ಅದನ್ನೇ ಹೇಳ್ತಿದ್ದೆ” ಎಂದಳು ಆಯಾ ಅಜ್ಜಿ.

ಮೇನೇಜರು ಗಡಿಯಾರ ನೋಡಿಕೊಂಡರು. ಪಕ್ಕದ ಹೊಲಿಗೆ ಕೋಣೆಯಲ್ಲಿ ಹತ್ತು ಮಿಷನ್ನು ನಿಂತಿದ್ದಕ್ಕೆ ಮೂರನೇ ಸಾಲೇ ನಿಂತಿತ್ತು, ಅದು ನಿಂತಿದ್ದಕ್ಕೆ ಇಸ್ತ್ರಿ ನಿಂತಿತ್ತು.

“ಎಷ್ಟು ಹೊತ್ತು ಹೀಗೆ ಕೂರ್ತೀರ ನೀವು?” ಎಂದರು.

“ಮಕ್ಕಳು ಏಳೋವರೆಗೂ” ಎಂದೆ ನಾನು. “ನಾಳೆನೂ ಹಾಗೇ. ಮೇಲೆ ಇಂಥದ್ದೇ ಕೋಣೆ ಆಗೋವರೆಗೂ. ಮೆಲ್ಲಗೆ ಮಾತಾಡಿ ಸಾರ್.”

ನಾವು ಗೋಡೆಗೆ ಒರಗಿ ಕೂತೆವು. ಗಾಳಿ ಬರುವ ಕಿಂಡಿಯ ನೇರಕ್ಕೆ ಜಿಪ್ ಅಕ್ಕನ ಮಗ ಮಲಗಿದ್ದ, ಪೀಪಿಗೆ ಸ್ವಲ್ಪ ಮರೆಯ ಜಾಗ ಸಿಕ್ಕಿತ್ತು. ಅದಕ್ಕೂ ನನಗೆ ಒಳಗೊಳಗೇ ಉರಿಯಿತು. ಉರಿಯಲಿ ಎಂದು ಬಿಟ್ಟೆ. ಎರಡು ಗಂಟೆಗೆ ಮಲಗಿದ ಮಕ್ಕಳು ಮೂರಕ್ಕೆ ಏಳಲಿಲ್ಲ, ನಾಲ್ಕಕ್ಕೆ ಏಳಲಿಲ್ಲ. ಐದೂವರೆಗೆ ಕೆಲಸ ಬಿಡುವ ಗಂಟೆ ಹೊಡೆಯಿತು, ಆಗಲೂ ಒಂದೂ ಕಣ್ಣು ಬಿಡಲಿಲ್ಲ. ನಾವೂ ಎಬ್ಬಿಸಲಿಲ್ಲ.